ನೆಗಡಿ, ಸಿರಪ್ಪು, ಬಸ್ಸಾರು: ರೋಗನಿರೋಧಕ ಶಕ್ತಿಗೆ ಅಡುಗೆಮನೆ ಏನು ಕೊಡುತ್ತೆ?

ಶಾಲೆ ಶುರುವಾಗಿ ಎರಡು ವಾರ ಆಗುವುದೇ ತಡ, ನಮ್ಮ ಮನೆಯಲ್ಲಿ ಮೂಗು ಸುರಿಯೋದು ಶುರುವಾಗುತ್ತದೆ. ಹೋದ ವರ್ಷ ನನ್ನ ಆರು ವರ್ಷದ ಮಗಳಿಗೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ನಾಲ್ಕು ಸಲ ನೆಗಡಿ, ಅದರಲ್ಲಿ ಎರಡು ಸಲ ಜ್ವರ ಬೇರೆ. ಮೂರನೇ ಸಲ ಮೆಡಿಕಲ್ ಶಾಪಿಗೆ ಹೋದಾಗ ಕೌಂಟರ್ ಮೇಲೆ ಜೋಡಿಸಿದ್ದ ಸಾಲು ಕಣ್ಣಿಗೆ ಬಿತ್ತು. ಇಮ್ಯುನಿಟಿ ಸಿರಪ್ಪು, ಇಮ್ಯುನಿಟಿ ಗಮ್ಮಿ, ಹಾಲಿಗೆ ಹಾಕೋ ಪುಡಿ, ನೀರಿಗೆ ಹಾಕಿದರೆ ಬುಸ್ ಅಂತ ನೊರೆ ಬರುವ ಕಿತ್ತಳೆ ಬಣ್ಣದ ಮಾತ್ರೆ. ಮಗು ಪದೇ ಪದೇ ಹುಷಾರು ತಪ್ಪುತ್ತಿದ್ದರೆ ತಾಯಿ ಏನು ಮಾಡುತ್ತಾಳೆ ಹೇಳಿ? ಒಂದು ಬಾಟಲಿ ತಗೊಂಡೆ.

ನಾಲ್ಕನೇ ಸಲ ಮಕ್ಕಳ ಡಾಕ್ಟರ ಹತ್ತಿರ ಹೋಗುವಾಗ ಆ ಬಾಟಲಿಯನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೆ. ಅವರು ಲೇಬಲ್ ಓದಿ ಪಕ್ಕಕ್ಕಿಟ್ಟರು. ಮಗಳ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ನೋಡಿದರು. ಒಳಗೆ ಕೆಂಪಗೆ ಇರಬೇಕಾದ ಜಾಗ ಬಿಳಚಿಕೊಂಡಿತ್ತು. "ಸ್ಕೂಲ್ ಡಬ್ಬಿಗೆ ಏನು ಹಾಕ್ತೀರಮ್ಮ?" ಅಂದರು. ಚಿತ್ರಾನ್ನ, ಬ್ರೆಡ್ ಜಾಮ್, ನೂಡಲ್ಸ್, ಒಂದೊಂದು ದಿನ ಇಡ್ಲಿ ಅಂದೆ. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.8. ಆ ವಯಸ್ಸಿಗೆ ಕಡಿಮೆ ಅಂದರೂ 11.5 ಇರಬೇಕು.

ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಹಜ, ಅದಕ್ಕೆ ಗಾಬರಿ ಬೇಡ ಅಂತ ಡಾಕ್ಟರು ಹೇಳಿದರು. "ನೆಗಡಿಗಿಂತ ನನಗೆ ಈ ರಿಪೋರ್ಟಿನದ್ದೇ ಚಿಂತೆ" ಅಂತಲೂ ಹೇಳಿದರು. ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೂತಿದೆ. ಇಷ್ಟೆಲ್ಲ ಬರೆಯುತ್ತಿರುವುದೂ ಅದಕ್ಕೇ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ರೋಗನಿರೋಧಕ ಶಕ್ತಿ ಅಂದರೆ ಮೈಯೊಳಗೆ ಒಂದು ಟ್ಯಾಂಕ್ ಇದೆ, ಅದನ್ನು ತುಂಬಿಸುತ್ತಾ ಹೋದರೆ ಕಾಯಿಲೆ ಬರೋದಿಲ್ಲ ಅಂತ ನಾವು ಅಂದುಕೊಂಡಿದ್ದೇವೆ. ಹಾಗಿಲ್ಲ. ಚರ್ಮ, ಮೂಗಿನ ಒಳಗಿನ ಲೋಳೆ, ಕರುಳಿನ ಒಳಪದರ, ರಕ್ತದಲ್ಲಿರುವ ನಾನಾ ಬಗೆಯ ಬಿಳಿಕಣ, ಅವು ಹುಟ್ಟುವ ಮೂಳೆಯ ಮಜ್ಜೆ, ಒಮ್ಮೆ ಬಂದ ರೋಗಾಣುವಿನ ಗುರುತು ಇಟ್ಟುಕೊಳ್ಳುವ ಜೀವಕೋಶಗಳು, ಇವೆಲ್ಲ ಸೇರಿ ಮಾಡುವ ಕೆಲಸ ಅದು. ರೋಗಾಣುವನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ಮುಖ್ಯವಾಗಿ ಪ್ರೋಟೀನ್‌ನಿಂದಲೇ ಆಗಿರುತ್ತವೆ. ಸೋಂಕು ತಗುಲಿದಾಗ ಬಿಳಿಕಣಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೇಗ ಬೇಗ ಹೆಚ್ಚಬೇಕು. ಅದಕ್ಕೆ ಕಬ್ಬಿಣ, ಸತು (ಜಿಂಕ್), ಫೋಲೇಟ್ ಅನ್ನುವ ಬಿ ವಿಟಮಿನ್, ಬಿ12 ಬೇಕು. ಮೂಗು, ಗಂಟಲು, ಕರುಳಿನ ಒಳಪದರ ಗಟ್ಟಿಯಾಗಿರಬೇಕಾದರೆ ವಿಟಮಿನ್ ಎ ಬೇಕು.

ಇವುಗಳಲ್ಲಿ ಯಾವುದಾದರೂ ಕಡಿಮೆಯಾದರೆ ಮೈ ಸೋಲುತ್ತದೆ. ಆದರೆ ಎಲ್ಲವೂ ಸಾಕಷ್ಟು ಇರುವಾಗ ಇನ್ನೂ ಒಂದು ಚಮಚ ಹಾಕಿದರೆ ಶಕ್ತಿ ಇಮ್ಮಡಿ ಆಗುವುದಿಲ್ಲ. ಆಗಲೂಬಾರದು. ಈ ವ್ಯವಸ್ಥೆ ಬೇಕಾಬಿಟ್ಟಿ ಚುರುಕಾದರೆ ಏನಾಗುತ್ತೆ ಅಂತ ಅಲರ್ಜಿ ಇರುವವರನ್ನು, ಸಂಧಿವಾತದಲ್ಲಿ ಬೆರಳು ಸೊಟ್ಟಗಾದವರನ್ನು ಕೇಳಬೇಕು. ಕೋವಿಡ್‌ನಲ್ಲಿ ಎಷ್ಟೋ ಜನರ ಶ್ವಾಸಕೋಶ ಕೆಟ್ಟಿದ್ದು ವೈರಸ್‌ನಿಂದ ಮಾತ್ರ ಅಲ್ಲ, ಮೈಯ ರಕ್ಷಣಾ ಪಡೆ ಹದ್ದುಮೀರಿ ಕೆರಳಿದ್ದರಿಂದ. ಹಾಗಾಗಿ ಇಮ್ಯುನಿಟಿ "ಬೂಸ್ಟ್" ಅನ್ನುವ ಮಾತನ್ನೇ ನಾನು ಬಿಟ್ಟಿದ್ದೇನೆ. ಊಟದಲ್ಲಿ ಏನು ಕೊರತೆ ಇದೆ ಅಂತ ಹುಡುಕಿ ಅದನ್ನು ತುಂಬಿಸಬೇಕು, ಅಷ್ಟೇ.

ಕೊರತೆ ಎಷ್ಟಿದೆ? 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅಂದರೆ ಮೂವರು ಮಕ್ಕಳಲ್ಲಿ ಇಬ್ಬರ ರಕ್ತ ತೆಳುವಾಗಿದೆ. ನನ್ನ ಮಗಳಿಗೆ ಆರು ವರ್ಷ, ಆದರೂ ಅವಳ ಕಥೆಯೂ ಅದೇ. ನಾವು ಬಡತನದಲ್ಲಿರುವವರಲ್ಲ, ಮನೆಯಲ್ಲಿ ಊಟಕ್ಕೆ ಕೊರತೆ ಇಲ್ಲ. ಹೊಟ್ಟೆ ತುಂಬುತ್ತಿತ್ತು, ಮೈಗೆ ಬೇಕಾದ್ದು ಸಿಗುತ್ತಿರಲಿಲ್ಲ.

ಈ ಬೂಸ್ಟರ್ ಹುಚ್ಚು ಹೆಚ್ಚಾಗಿದ್ದು 2020ರಲ್ಲಿ. ಆಗ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಶುಂಠಿ, ಒಣದ್ರಾಕ್ಷಿ ಹಾಕಿದ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯಿರಿ ಅಂತ ಸಲಹೆ ಕೊಟ್ಟಿತು. ಅರಿಶಿನ ಹಾಲು, ಚ್ಯವನಪ್ರಾಶವೂ ಆ ಪಟ್ಟಿಯಲ್ಲಿದ್ದವು. ಭಯದ ಕಾಲ ಅದು, ಮನೆಮನೆಯಲ್ಲೂ ಕಷಾಯ ಕುದಿಯಿತು. ಆಮೇಲೆ ಬಿಸ್ಕತ್ತಿನಿಂದ ಹಿಡಿದು ಬ್ರೆಡ್‌ವರೆಗೆ ಎಲ್ಲದರ ಮೇಲೂ ಇಮ್ಯುನಿಟಿ ಅನ್ನುವ ಪದ ಹತ್ತಿತು. ಕೋವಿಡ್ ಹೋದರೂ ಆ ಪದ ಹೋಗಲಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಒಂದು ಸೂಚನೆ ಕೊಟ್ಟಿತು. ಹಾಲಿಗೆ ಹಾಕುವ ಪುಡಿಗಳನ್ನೂ ಪಾನೀಯಗಳನ್ನೂ "ಹೆಲ್ತ್ ಡ್ರಿಂಕ್" ಅನ್ನುವ ವಿಭಾಗದಿಂದ ತೆಗೆಯಿರಿ, ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥ ಒಂದು ವರ್ಗವೇ ಇಲ್ಲ ಅಂತ. ಒಳ್ಳೆಯ ಕೆಲಸ. ನೀವೂ ಮನೆಯಲ್ಲಿರುವ ಡಬ್ಬಿಯನ್ನು ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಸಕ್ಕರೆ ಎಷ್ಟನೇ ಹೆಸರು ಅಂತ ನೋಡಿದರೆ ಸಾಕು.

ಈಗ ತಟ್ಟೆಗೆ ಬರೋಣ.

ಪ್ರೋಟೀನ್ ಲೆಕ್ಕ ಮೊದಲು, ಯಾಕೆಂದರೆ ಅದನ್ನು ನಾವು ಜಿಮ್‌ಗೆ ಹೋಗುವ ಹುಡುಗರ ವಿಷಯ ಅಂತ ಬಿಟ್ಟುಬಿಟ್ಟಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕೆಜಿ ಇರುವ ಹೆಂಗಸಿಗೆ ಸುಮಾರು 46 ಗ್ರಾಂ. ಮೂರು ಹೊತ್ತೂ ಅನ್ನ, ಇಡ್ಲಿ, ದೋಸೆ ತಿಂದರೆ ಅದರಿಂದ 20 ಗ್ರಾಂ ಆಸುಪಾಸು ಬರುತ್ತದೆ. ಉಳಿದಿದ್ದು? ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6 ಗ್ರಾಂ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ. ಒಬ್ಬರಿಗೆ 30 ಗ್ರಾಂ ಬೇಳೆ ಹಾಕಿದರೆ ಅದರಲ್ಲಿ 6ರಿಂದ 7 ಗ್ರಾಂ. ಹಾಕಿದರೆ ಅನ್ನುವುದೇ ವಿಷಯ. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಒಂದು ಸಣ್ಣ ಲೋಟ ಬೇಳೆ ಹಾಕಿ ಎರಡು ಹೊತ್ತು ಸಾರು ಮಾಡುತ್ತಿದ್ದೆ. ಒಂದಿನ ತೂಕ ಮಾಡಿ ನೋಡಿದೆ, 80 ಗ್ರಾಂ. ಒಬ್ಬರಿಗೆ ಒಂದು ಹೊತ್ತಿಗೆ 10 ಗ್ರಾಂ ಬಂತು. ರುಚಿ ಇತ್ತು, ಒಗ್ಗರಣೆ ಘಮ ಇತ್ತು, ತಟ್ಟೆಯಲ್ಲಿ ಬೇಳೆ ಇರಲಿಲ್ಲ. ನನ್ನ ಅಜ್ಜಿ ಸಾರು ಬಡಿಸುವಾಗ ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿ ಕಲಕಿ ಎತ್ತುತ್ತಿದ್ದರು. ಯಾಕೆ ಅಂತ ಈಗ ಅರ್ಥ ಆಗುತ್ತಿದೆ.

ಇನ್ನು ಕಬ್ಬಿಣ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಸೊಪ್ಪಿನಲ್ಲಿ, ಕಾಳಿನಲ್ಲಿ, ರಾಗಿಯಲ್ಲಿ ಕಬ್ಬಿಣ ಇದೆ ಅಂತ ಎಲ್ಲರೂ ಹೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ನಾಲ್ಕೂವರೆ ಮಿಲಿಗ್ರಾಂ ಹತ್ತಿರ ಇದೆ, ಅಕ್ಕಿಗಿಂತ ಎಷ್ಟೋ ಪಾಲು ಜಾಸ್ತಿ. ಆದರೆ ಇರುವುದೆಲ್ಲ ರಕ್ತಕ್ಕೆ ಇಳಿಯೋದಿಲ್ಲ. ಧಾನ್ಯ, ಕಾಳುಗಳಲ್ಲಿ ಫೈಟೇಟ್ ಅನ್ನುವ ಅಂಶ ಇದೆ, ಅದು ಕಬ್ಬಿಣವನ್ನು, ಸತುವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆ ಹಿಡಿತ ಬಿಡಿಸುವ ದಾರಿಗಳು ಮೂರು. ನೆನೆಸಿ ಮೊಳಕೆ ಕಟ್ಟುವುದು ಒಂದು. ಹುದುಗು ಬರಿಸುವುದು ಇನ್ನೊಂದು. ಮೂರನೆಯದು, ಅದೇ ಊಟದಲ್ಲಿ ವಿಟಮಿನ್ ಸಿ ಇರುವಂತೆ ನೋಡಿಕೊಳ್ಳುವುದು. ಹೆಸರುಕಾಳು ಮೊಳಕೆ ಬರಿಸಿ ಕೋಸಂಬರಿ ಮಾಡಿ ನಿಂಬೆಹಣ್ಣು ಹಿಂಡುವುದು, ಮಗುವಿಗೆ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹುರಿದು ಹಿಟ್ಟು ಮಾಡಿ ರಾಗಿಸರಿ ಬೇಯಿಸುವುದು, ಹಿಟ್ಟು ರುಬ್ಬಿಟ್ಟು ರಾತ್ರಿಯಿಡೀ ಉಬ್ಬಲು ಬಿಟ್ಟು ದೋಸೆ ಹುಯ್ಯುವುದು, ಇವೆಲ್ಲ ನಾವು ರುಚಿಗೆ ಅಂತ ಮಾಡಿಕೊಂಡು ಬಂದದ್ದು. ಕೆಲಸ ಅದಕ್ಕಿಂತ ಜಾಸ್ತಿ ನಡೆಯುತ್ತಿದೆ.

ನನಗೆ ಇದರಲ್ಲಿ ಬಸ್ಸಾರಿನಷ್ಟು ಮೆಚ್ಚುಗೆ ಬೇರೆ ಯಾವುದರ ಮೇಲೂ ಇಲ್ಲ. ಹಳೇ ಮೈಸೂರು ಕಡೆಯವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೆಸರುಕಾಳನ್ನೋ ಅಲಸಂದೆಯನ್ನೋ ಬೇಯಲು ಇಡುತ್ತೀರಿ. ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪು, ಸಬ್ಬಸಿಗೆ, ಯಾವುದು ಸಿಕ್ಕಿತೋ ಅದು, ಹೆಚ್ಚಿ ಹಾಕುತ್ತೀರಿ. ಬೆಂದ ಮೇಲೆ ನೀರು ಬಸಿಯುತ್ತೀರಿ. ಆ ನೀರೇ ಕಟ್ಟು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು ಹುರಿದು, ತೆಂಗಿನಕಾಯಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳು ಸೊಪ್ಪು ಸೇರಿಸಿ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪಕ್ಕದಲ್ಲಿ ಬಿಸಿ ರಾಗಿ ಮುದ್ದೆ.

ಏನಾಯಿತು ನೋಡಿ. ಸೊಪ್ಪು ಬೇಯುವಾಗ ಫೋಲೇಟ್, ಬೇರೆ ಬಿ ವಿಟಮಿನ್‌ಗಳು ನೀರಿಗೆ ಇಳಿಯುತ್ತವೆ. ಎಷ್ಟೋ ಮನೆಗಳಲ್ಲಿ ಸೊಪ್ಪು ಬೇಯಿಸಿದ ನೀರನ್ನು ಸಿಂಕಿಗೆ ಚೆಲ್ಲುತ್ತಾರೆ. ಬಸ್ಸಾರಿನಲ್ಲಿ ಅದೇ ನೀರು ಸಾರು. ಕಾಳಿನಿಂದ ಪ್ರೋಟೀನ್ ಬಂತು, ಸೊಪ್ಪಿನಿಂದ ಕಬ್ಬಿಣವೂ ವಿಟಮಿನ್ ಎ ಆಗುವ ಅಂಶವೂ ಬಂತು, ಒಗ್ಗರಣೆಯ ಎಣ್ಣೆ ಇದ್ದಿದ್ದರಿಂದ ಆ ಅಂಶ ಕರುಳಿನಲ್ಲಿ ಹೀರಿಕೊಳ್ಳಲು ಸುಲಭವಾಯಿತು. ಈರುಳ್ಳಿ ಬೆಳ್ಳುಳ್ಳಿಗೂ ಒಂದು ಕೆಲಸ ಇದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧಾನ್ಯ ಮತ್ತು ಕಾಳುಗಳ ಜೊತೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದಾಗ ಅವುಗಳಲ್ಲಿರುವ ಕಬ್ಬಿಣ ಮತ್ತು ಸತು ಹೀರಿಕೆಗೆ ಹೆಚ್ಚು ಸಿಗುವಂತೆ ಆಗುತ್ತದೆ ಅಂತ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡುಕೊಂಡರು. ಮಂಡ್ಯದ ಯಾವ ಅಜ್ಜಿಯೂ ಫೈಟೇಟ್ ಹೆಸರು ಕೇಳಿರಲಿಕ್ಕಿಲ್ಲ. ಆದರೂ ಊಟ ಹೇಗಿರಬೇಕು ಅಂತ ಗೊತ್ತಿತ್ತು. ಊಟಕ್ಕೆ ಕೂತ ಮೇಲೆ ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ಇಷ್ಟನ್ನು ಮಾತ್ರ ನಾನು ಸೇರಿಸುತ್ತೇನೆ. ಬೇಯಿಸಿದಾಗ ಸೊಪ್ಪಿನ ವಿಟಮಿನ್ ಸಿ ಬಹಳಷ್ಟು ಹೋಗಿರುತ್ತದೆ, ಹಸಿ ನಿಂಬೆರಸ ಅದನ್ನು ತುಂಬಿಸುತ್ತದೆ.

ಇಷ್ಟೆಲ್ಲ ಮಾಡಿ ಊಟ ಮುಗಿದ ತಕ್ಷಣ ಕಾಫಿ ಕುಡಿದರೆ? 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಊಟದ ಜೊತೆಗೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣ ಹೀರಿಕೆ ಶೇ. 39ರಷ್ಟು ಇಳಿಯಿತು, ಟೀ ಕುಡಿದಾಗ ಶೇ. 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲೇ ಕಾಫಿ ಕುಡಿದವರಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. 2024ರ ಮೇ ತಿಂಗಳಲ್ಲಿ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯಲ್ಲೂ ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಕಾಫಿ ಟೀ ಬೇಡ ಅಂತ ಹೇಳಿದ್ದಾರೆ. ಕಾಫಿ ಬಿಡಿ ಅಂತ ಯಾರೂ ಹೇಳುತ್ತಿಲ್ಲ, ಹೊತ್ತು ಬದಲಿಸಿ ಅಂತ ಅಷ್ಟೇ. ನಮ್ಮಲ್ಲಿ ತಿಂಡಿ ಜೊತೆಗೇ ಕಾಫಿ ಬರುತ್ತದಲ್ವಾ, ಅದೇ ಕಷ್ಟ. ಅದರಲ್ಲೂ ರಕ್ತ ಕಡಿಮೆ ಇರುವ ಹೆಂಗಸರು, ಬಸುರಿಯರು ಇದೊಂದನ್ನು ಗಮನಿಸಲೇಬೇಕು.

ವಿಟಮಿನ್ ಸಿ ಬಗ್ಗೆ ಜನರಿಗೆ ಇರುವಷ್ಟು ನಂಬಿಕೆ ಬೇರೆ ಯಾವ ವಿಟಮಿನ್ ಮೇಲೂ ಇಲ್ಲ. ಈ ನಂಬಿಕೆಯನ್ನು ಜಗತ್ತಿಗೆಲ್ಲ ಹರಡಿದವರು ಎರಡು ಸಲ ನೊಬೆಲ್ ಪಡೆದ ಅಮೆರಿಕದ ವಿಜ್ಞಾನಿ ಲೈನಸ್ ಪೌಲಿಂಗ್. 1970ರಿಂದ ಅವರು ದೊಡ್ಡ ಪ್ರಮಾಣದಲ್ಲಿ ವಿಟಮಿನ್ ಸಿ ತಗೊಂಡರೆ ನೆಗಡಿ ಬರುವುದಿಲ್ಲ ಅಂತ ವಾದಿಸಿದರು. ಆಮೇಲೆ ಹತ್ತಾರು ಪ್ರಯೋಗಗಳು ನಡೆದವು. ಅವನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧಕರ ಸಂಸ್ಥೆಯ ವಿಮರ್ಶೆಯ ಪ್ರಕಾರ, ದಿನಾ ಮಾತ್ರೆ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವ ಸಲ ಕಡಿಮೆಯಾಗಲಿಲ್ಲ. ಬಂದ ನೆಗಡಿ ಇರುವ ದಿನಗಳು ದೊಡ್ಡವರಲ್ಲಿ ಶೇ. 8ರಷ್ಟು, ಮಕ್ಕಳಲ್ಲಿ ಶೇ. 14ರಷ್ಟು ಕಡಿಮೆಯಾದವು. ಏಳು ದಿನದ ನೆಗಡಿಯಲ್ಲಿ ದೊಡ್ಡವರಿಗೆ ಅರ್ಧ ದಿನ ಉಳಿಯಿತು ಅಂದುಕೊಳ್ಳಿ. ನೆಗಡಿ ಬಂದ ಮೇಲೆ ಶುರು ಮಾಡಿದವರಿಗೆ ಅದೂ ಖಚಿತವಾಗಿ ಸಿಗಲಿಲ್ಲ.

ಹಾಗಂತ ಹಣ್ಣು ಬೇಡ ಅಂತಲ್ಲ. ದಿನಕ್ಕೆ ಬೇಕಾದ್ದು ಹೆಂಗಸರಿಗೆ 65, ಗಂಡಸರಿಗೆ 80 ಮಿಲಿಗ್ರಾಂ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ಮೀರಿ ಇದೆ, ಕಿತ್ತಳೆಯ ನಾಲ್ಕರಷ್ಟು. ನೆಲ್ಲಿಕಾಯಿ ಅದಕ್ಕೂ ಮೇಲೆ. ಒಂದು ಮಧ್ಯಮ ಸೀಬೆಹಣ್ಣು ತಿಂದರೆ ಅವತ್ತಿನ ಲೆಕ್ಕ ಮುಗಿಯಿತು. ದೊಡ್ಡ ಅಂಗಡಿಯಲ್ಲಿ ಕಿವಿ ಹಣ್ಣು ಒಂದಕ್ಕೆ ನಲವತ್ತು ರೂಪಾಯಿ ಕೊಟ್ಟು ತರುವವರು ಹೊರಗೆ ತಳ್ಳುಗಾಡಿಯಲ್ಲಿ ಉಪ್ಪು ಖಾರ ಹಚ್ಚಿಕೊಡುವ ಸೀಬೆಯನ್ನು ನೋಡದೆ ಹೋಗುತ್ತಾರೆ. ಬೇಜಾರಾಗುತ್ತೆ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಮನೆಗಳ ಒಳಗೇ ಇದೆ. "ಶೀತ ಪದಾರ್ಥ" ಅನ್ನುವ ಮಾತು. ನೆಗಡಿ ಆದ ಮಗುವಿಗೆ ಬಾಳೆಹಣ್ಣು ಬೇಡ, ಕಿತ್ತಳೆ ಬೇಡ, ಸೀಬೆ ಬೇಡ, ಮೊಸರಂತೂ ಬೇಡವೇ ಬೇಡ. ನಮ್ಮತ್ತೆಯೂ ಹೇಳುತ್ತಿದ್ದರು, ನಾನೂ ಪಾಲಿಸುತ್ತಿದ್ದೆ. ಪ್ರೀತಿಯಿಂದಲೇ ಹೇಳುವ ಮಾತು ಅದು, ಆದರೆ ನೆಗಡಿ ಬರುವುದು ವೈರಸ್‌ನಿಂದ, ಬಾಳೆಹಣ್ಣಿನಿಂದ ಅಲ್ಲ. ಮಗುವಿಗೆ ವರ್ಷಕ್ಕೆ ಏಳೆಂಟು ಸಲ ನೆಗಡಿ ಬರುತ್ತದೆ, ಒಂದೊಂದೂ ಒಂದು ವಾರ, ಆಮೇಲೆ ಕೆಮ್ಮು ಇನ್ನೊಂದು ವಾರ. ಎಲ್ಲ ಕೂಡಿಸಿ ನೋಡಿ. ವರ್ಷದಲ್ಲಿ ಮೂರು ತಿಂಗಳು ಆ ಮಗುವಿಗೆ ಹಣ್ಣಿಲ್ಲ, ಮೊಸರಿಲ್ಲ, ಬರೀ ಗಂಜಿ ಮತ್ತು ಬ್ರೆಡ್. ಫ್ರಿಜ್ಜಿನಿಂದ ತೆಗೆದ ತಣ್ಣನೆಯದು ಗಂಟಲಿಗೆ ಹಿಂಸೆ ಅನ್ನಿಸಿದರೆ ಹೊರಗಿಟ್ಟು ಕೊಡಿ. ಅತ್ತೆ ಈಗ ಮೊಸರನ್ನಕ್ಕೆ ಸ್ವಲ್ಪ ಶುಂಠಿ, ಮೆಣಸು ಹಾಕಿ ಒಗ್ಗರಣೆ ಕೊಟ್ಟು ಮಧ್ಯಾಹ್ನ ಕೊಡುತ್ತಾರೆ. ಅವರಿಗೂ ಸಮಾಧಾನ, ಮಗುವಿಗೂ ಊಟ.

ಮೊಸರಿನ ಮಾತು ಬಂತಲ್ಲ. ಬಹಳಷ್ಟು ರೋಗನಿರೋಧಕ ಜೀವಕೋಶಗಳು ಕರುಳಿನ ಗೋಡೆಯ ಸುತ್ತಮುತ್ತ ಇರುತ್ತವೆ. ಕರುಳಿನಲ್ಲಿರುವ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಅವುಗಳಿಗೆ ಯಾರು ನೆಂಟರು, ಯಾರು ಕಳ್ಳರು ಅಂತ ಕಲಿಸಿಕೊಡುತ್ತವೆ. ಮನೆಯ ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ, ಮಜ್ಜಿಗೆಯಲ್ಲೂ ಇರುತ್ತವೆ. ಮಜ್ಜಿಗೆಹುಳಿ ಕುದಿಸಿದರೆ ಅವು ಸಾಯುತ್ತವೆ, ಪ್ರೋಟೀನೂ ಕ್ಯಾಲ್ಸಿಯಮ್ಮೂ ಉಳಿಯುತ್ತವೆ. ಆದರೆ ಮೊಸರು ತಿಂದರಷ್ಟೇ ಸಾಲದು. ಕರುಳಿನ ಬ್ಯಾಕ್ಟೀರಿಯಾಗಳ ಊಟ ನಾರು. ಅದು ಸಿಗುವುದು ಸಿಪ್ಪೆ ಸಮೇತದ ಕಾಳು, ಸೊಪ್ಪು, ರಾಗಿ, ಜೋಳ, ನವಣೆ, ಬಾಳೆದಿಂಡು, ಹೀರೇಕಾಯಿ, ಹಣ್ಣುಗಳಲ್ಲಿ. ಬಿಳಿ ಅಕ್ಕಿ, ಮೈದಾ, ರವೆಯ ಮೇಲೆ ದಿನ ಕಳೆದರೆ ಅವು ಉಪವಾಸ.

ಅರಿಶಿನದ ವಿಷಯ ಹೇಳದಿದ್ದರೆ ಯಾರೂ ಬಿಡುವುದಿಲ್ಲ. ಅರಿಶಿನದಲ್ಲಿ ತೂಕದ ಶೇ. 3ರಷ್ಟು ಕರ್ಕ್ಯುಮಿನ್ ಅನ್ನುವ ಹಳದಿ ಅಂಶ ಇರುತ್ತದೆ. ಬರೀ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಬಂದ ಒಂದು ಅಧ್ಯಯನ ಜಗತ್ತಿನಲ್ಲೆಲ್ಲ ಹೆಸರು ಮಾಡಿದೆ. ಕಾಳುಮೆಣಸಿನ ಪೈಪೆರಿನ್ ಅನ್ನುವ ಅಂಶದ ಜೊತೆಗೆ ಕೊಟ್ಟಾಗ ಕರ್ಕ್ಯುಮಿನ್ ಹೀರಿಕೆ ಮನುಷ್ಯರಲ್ಲಿ ಸುಮಾರು 20 ಪಟ್ಟು ಹೆಚ್ಚಿತು ಅಂತ ತೋರಿಸಿದ್ದು ಅದೇ. ಅರಿಶಿನ ಹಾಲಿಗೆ ಮೆಣಸು ಹಾಕಿ ಅನ್ನುವವರೆಲ್ಲ ಇದನ್ನೇ ಹೇಳುತ್ತಾರೆ. ಆದರೆ ಅಲ್ಲಿ ಕೊಟ್ಟಿದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ಅಷ್ಟು ಬರಬೇಕಾದರೆ ಅರವತ್ತು ಗ್ರಾಂಗೂ ಜಾಸ್ತಿ ಅರಿಶಿನ ಪುಡಿ ಬೇಕು. ನಾವು ಹಾಲಿಗೆ ಹಾಕುವುದು ಅರ್ಧ ಚಮಚ. ಬಿಸಿ ಹಾಲು ಗಂಟಲಿಗೆ ಹಿತ, ರಾತ್ರಿ ನಿದ್ದೆ ಬರುತ್ತದೆ, ಹಾಲಿನಲ್ಲಿ ಪ್ರೋಟೀನ್ ಇದೆ. ಅಷ್ಟಕ್ಕೆ ಕುಡಿಯಿರಿ, ನಾನೂ ಕುಡಿಯುತ್ತೇನೆ. ಮಾತ್ರೆ ರೂಪದಲ್ಲಿ ಗ್ರಾಂಗಟ್ಟಲೆ ನುಂಗುವುದು ಬೇರೆ ವಿಷಯ. ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಅಮೃತಬಳ್ಳಿಗೂ ಇದೇ ಎಚ್ಚರಿಕೆ ಬೇಕು. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಗೆ ಲಿವರ್ ತೊಂದರೆ ಆಗಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಬಳ್ಳಿಯ ಜೊತೆ ಗೊಂದಲ ಆಗಿರಬಹುದು ಅಂದಿತು. ಮುಂದಿನ ವರ್ಷ ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ ಇನ್ನಷ್ಟು ಪ್ರಕರಣಗಳು ಪ್ರಕಟವಾದವು. ಥೈರಾಯ್ಡ್, ಸಕ್ಕರೆ ಕಾಯಿಲೆ, ಸಂಧಿವಾತ ಅಂತ ಔಷಧಿ ತಗೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ದಿನಾ ಇಂಥ ಕಷಾಯ ಕುಡಿಯಬಾರದು. ಇನ್ನೊಂದು, ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿ. ತುಳಸಿ ರಸದ ಜೊತೆಗೂ ಬೇಡ. ಬೊಟುಲಿಸಮ್ ಅನ್ನುವ ಅಪಾಯದ ಕಾಯಿಲೆಗೆ ಅದು ದಾರಿಯಾಗಬಹುದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸತು ಕಡಲೆಕಾಯಿ, ಎಳ್ಳು, ಕುಂಬಳಬೀಜ, ಕಾಳು, ಮಾಂಸಗಳಲ್ಲಿ ಸಿಗುತ್ತದೆ. ವಿಟಮಿನ್ ಎ ಬೇಕಾದರೆ ಸೊಪ್ಪು, ಸಿಹಿಗುಂಬಳ, ಕ್ಯಾರೆಟ್, ಪಪ್ಪಾಯಿ, ಮಾವು, ಮೊಟ್ಟೆಯ ಹಳದಿ. ವಿಟಮಿನ್ ಡಿ ಊಟದಲ್ಲಿ ಸಿಗುವುದು ಕಷ್ಟ, ಬಿಸಿಲೇ ಬೇಕು. ಕರಾವಳಿಯವರು ಈ ವಿಷಯದಲ್ಲಿ ಅದೃಷ್ಟವಂತರು. ಬೂತಾಯಿ, ಬಂಗುಡೆ ಅಂದರೆ ಪ್ರೋಟೀನ್, ವಿಟಮಿನ್ ಡಿ, ಒಮೆಗಾ-3 ಅನ್ನುವ ಒಳ್ಳೆ ಕೊಬ್ಬು ಎಲ್ಲ ಒಂದೇ ತಟ್ಟೆಯಲ್ಲಿ. ಉತ್ತರ ಕರ್ನಾಟಕದ ಊಟ ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ. ಜೋಳದ ರೊಟ್ಟಿ, ಮಡಕಿಕಾಳು ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು, ಹಸಿ ಮೆಂತ್ಯ ಸೊಪ್ಪು, ಹಸಿ ಉಳ್ಳಾಗಡ್ಡಿ. ಪೌಷ್ಟಿಕಾಂಶ ತಜ್ಞರು ಕೂತು ಯೋಚಿಸಿ ಬರೆದರೂ ಇದಕ್ಕಿಂತ ಒಳ್ಳೆ ಪಟ್ಟಿ ಬರೋದು ಕಷ್ಟ.

ಆದರೆ ಇಂಥ ಊಟದ ನಾಡಿನಲ್ಲೇ, ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಲ್ಲೇ ಅಪೌಷ್ಟಿಕತೆ ಜಾಸ್ತಿ. ಯಾಕೆಂದರೆ ಊಟದ ಜ್ಞಾನ ಇದ್ದರೆ ಸಾಲದು, ಕೊಳ್ಳಲು ಕಾಸು ಬೇಕು. ಕೂಲಿ ಮಾಡುವ ತಾಯಿಗೆ "ಸೀಬೆ ತಿನ್ನಿ, ಮೊಳಕೆಕಾಳು ತಿನ್ನಿ" ಅಂತ ಹೇಳಿ ನಾನು ಕೈ ತೊಳೆದುಕೊಂಡರೆ ಅದು ಅನ್ಯಾಯ. ಹಾಗಾಗಿ ಶಾಲೆಯ ಬಿಸಿಯೂಟದ ಮೊಟ್ಟೆ ನನಗೆ ಯಾವ ಬೂಸ್ಟರ್‌ಗಿಂತಲೂ ದೊಡ್ಡ ಸುದ್ದಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದರು. ಕೆಲವು ಮಠಾಧೀಶರು ವಿರೋಧಿಸಿದರು, ದೊಡ್ಡ ಗಲಾಟೆಯೇ ಆಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿ ಇತ್ತು. ಆದರೂ ಕೈ ಎತ್ತಿ ಮೊಟ್ಟೆ ಬೇಕು ಅಂದ ಮಕ್ಕಳೇ ಹೆಚ್ಚು. ಆಮೇಲೆ ಎಲ್ಲ ಜಿಲ್ಲೆಗಳಿಗೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತಾಯಿತು. ಒಂದು ಮೊಟ್ಟೆಯಲ್ಲಿ ಒಳ್ಳೆಯ ಪ್ರೋಟೀನ್, ವಿಟಮಿನ್ ಎ, ಬಿ12, ಸತು, ಸ್ವಲ್ಪ ಡಿ, ಎಲ್ಲ ಇದೆ. ಬೆಲೆ ಏಳೆಂಟು ರೂಪಾಯಿ. ಮೊಟ್ಟೆ ತಿನ್ನದ ಮನೆಯವರ ನಂಬಿಕೆಗೆ ನನ್ನ ಗೌರವ ಇದೆ. ಆದರೆ ಬೇರೆಯವರ ಮಗುವಿನ ತಟ್ಟೆಯಿಂದ ಅದನ್ನು ತೆಗೆಸುವುದು ಸರಿಯಲ್ಲ.

ಪಡಿತರದಲ್ಲೂ ಒಂದು ಬದಲಾವಣೆಗೆ ತೀರ್ಮಾನ ಆಗಿದೆ. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಇಂದಿರಾ ಆಹಾರ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿತು. ಅಕ್ಕಿ ಹೊಟ್ಟೆ ತುಂಬಿಸಿತು, ಅದರ ಉಪಕಾರ ಸಣ್ಣದಲ್ಲ. ಆದರೆ ಸಾರಿನ ತಳದಲ್ಲಿ ಬೇಳೆ ಇರಬೇಕಾದರೆ ಬೇಳೆಯನ್ನೇ ಕೊಡಬೇಕು. ಹೇಳಿದ ತೂಕ, ಒಳ್ಳೆ ಕಾಳು, ತಿಂಗಳು ತಪ್ಪದೆ ಮನೆಗೆ ಬರುತ್ತಿದೆಯಾ ಅಂತ ನಾವೇ ಕೇಳುತ್ತಿರಬೇಕು.

ಊಟ ಎಷ್ಟೇ ಚೆನ್ನಾಗಿರಲಿ, ಲಸಿಕೆ ಮಾಡುವ ಕೆಲಸ ಅದು ಮಾಡುವುದಿಲ್ಲ. ಒಂದು ರೋಗಾಣುವಿನ ಗುರುತು ಹೇಳಿಕೊಡುವುದು ಲಸಿಕೆ. ಕಲಿಯುವ ಮೈಗೆ ಕಸುವು ಕೊಡುವುದು ಊಟ. ಮಕ್ಕಳ ನಿದ್ದೆ, ಕೈ ತೊಳೆಯುವುದು, ಒಲೆ ಹೊಗೆ, ಬೀಡಿ ಹೊಗೆ ಇವೂ ಲೆಕ್ಕಕ್ಕೆ ಬರುತ್ತವೆ. ಮಗುವಿನ ತೂಕ ಏರುತ್ತಿಲ್ಲ, ಪದೇ ಪದೇ ನ್ಯುಮೋನಿಯಾ ಆಗುತ್ತಿದೆ ಅಂದರೆ ಅಡುಗೆಮನೆಯಲ್ಲಿ ಉತ್ತರ ಹುಡುಕಬೇಡಿ, ಡಾಕ್ಟರ ಹತ್ತಿರ ಹೋಗಿ.

ನನ್ನ ಮಗಳಿಗೆ ಡಾಕ್ಟರು ಕಬ್ಬಿಣದ ಸಿರಪ್ ಬರೆದುಕೊಟ್ಟರು. 9.8ಕ್ಕೆ ಇಳಿದ ಮೇಲೆ ಸೊಪ್ಪು ಕಾಳಿನಿಂದ ಮಾತ್ರ ಮೇಲೆ ಬರುವುದು ನಿಧಾನ, ಔಷಧಿ ಬೇಕೇ ಬೇಕು ಅಂದರು. ಊಟದ ಹೊಣೆ ನನ್ನದು. ಈಗ ಬೇಳೆ ಲೋಟ ದೊಡ್ಡದಾಗಿದೆ. ವಾರಕ್ಕೆ ಎರಡು ದಿನ ಬಸ್ಸಾರು. ನುಗ್ಗೆಸೊಪ್ಪನ್ನು ಅವಳು ಪಲ್ಯದಲ್ಲಿ ಮುಟ್ಟುವುದಿಲ್ಲ, ಅಕ್ಕಿರೊಟ್ಟಿಗೆ ಸಣ್ಣಗೆ ಹೆಚ್ಚಿ ಕಲಸಿದರೆ ಎರಡು ತಿನ್ನುತ್ತಾಳೆ. ಡಬ್ಬಿಗೆ ಒಂದು ದಿನ ಬೇಯಿಸಿದ ಮೊಟ್ಟೆ, ಒಂದು ದಿನ ಕಡಲೆಕಾಳು ಉಸಲಿ, ಒಂದು ದಿನ ಕಡಲೆಕಾಯಿ ಚಿಕ್ಕಿ, ಜೊತೆಗೆ ದಿನಾ ಯಾವುದಾದರೂ ಒಂದು ಹಣ್ಣು. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 11.6 ಆಯಿತು. ನೆಗಡಿ ಈ ವರ್ಷವೂ ಬಂತು, ಜೂನ್‌ನಲ್ಲಿ ಒಂದು, ಆಗಸ್ಟ್‌ನಲ್ಲಿ ಇನ್ನೊಂದು. ಹೋದ ತಿಂಗಳು ಬಂದಾಗ ಮೂಗು ಒರೆಸಿಕೊಳ್ಳುತ್ತಲೇ ಅಂಗಳದಲ್ಲಿ ಆಡುತ್ತಿದ್ದಳು, ಸಂಜೆ ಒಳಗೆ ಬಂದು "ಅಮ್ಮ, ಹಸಿವು" ಅಂದಳು.